ಚಕ್ಕೆ ಎದ್ದ ಕಾವಲಿ

ಹೊಸ ಅಗ್ರಹಾರ
9 ಜೂನ್ 2024

ಅಂತರಸಂತೆಯ ಚಿಕ್ಕಸಿದ್ದಮ್ಮನವರಿಗೆ ಪದ್ಮಶ್ರೀಯ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ನಿಮ್ಮ ಅಳಿಯ ದೇವರಾಜು ಹೋದ ತಿಂಗಳು ಮದುವೆಯಾಗಿದ್ದು ನನ್ನನ್ನು. ಮದುವೆಗೆ ನೀವು ಬರಲಿಲ್ಲ. ಮಗಳು ಮಧುಶ್ರೀ ಹೋಗಿ ಎರಡು ವರ್ಷವೂ ತುಂಬಿರಲಿಲ್ಲ, ಆ ಮನೆಯಲ್ಲಿ ಮತ್ತೆ ಚಪ್ಪರ ಹಾಕಿದ್ದನ್ನು ಯಾವ ತಾಯಿ ನೋಡುತ್ತಾಳೆ? ನನಗೆ ಅದರಲ್ಲಿ ಬೇಜಾರೇನೂ ಇಲ್ಲ.

ಮೊದಲು ಫೋನ್ ಮಾಡಿದ್ದೆ. ನೀವು "ಅಲೋ ಯಾರು, ಅಲೋ ಯಾರು" ಎಂದು ಎಂಟು ಸಲ ಕೇಳಿ ಇಟ್ಟುಬಿಟ್ಟಿರಿ. ಜ್ವರ ಬಂದು ಕಿವಿ ಹೋಯಿತೆಂದು ಅತ್ತೆ ವಿಮಲಮ್ಮ ಹೇಳಿದರು. ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸಿನ ಮೇಲೆ ನಾನು ಬರೆದ ಮೊದಲ ಕಾಗದ ಇದು, ತಪ್ಪಿದ್ದರೆ ನಕ್ಕುಬಿಡಿ.

ವಿಷಯ ದೋಸೆಯದು. ನಿಮ್ಮ ಮೊಮ್ಮಗಳು ಪುಟ್ಟಿ ನಾನು ಮಾಡಿದ್ದು ಏನನ್ನೂ ತಿನ್ನುವುದಿಲ್ಲ. ನಾಲ್ಕು ವರ್ಷದ ಮಗು, ತಟ್ಟೆ ದೂಡಿ ಗೋಡೆ ಕಡೆ ತಿರುಗಿ ಕೂರುತ್ತದೆ. ಮೊನ್ನೆ ಮೊದಲ ಸಲ ಬಾಯಿ ಬಿಟ್ಟು "ಕರಿ ಕಾವ್ಲಿ ದೋಸೆ" ಅಂದಳು. ಅಟ್ಟ ಹತ್ತಿ ಹುಡುಕಿದೆ. ಗೋಣಿಚೀಲದಲ್ಲಿ ಭತ್ತದ ಹೊಟ್ಟು ತುಂಬಿ, ಅದರೊಳಗೆ ಮಕಾಡೆ ಮಲಗಿಸಿದ ಬೀಡಿನ ಕಾವಲಿ ಸಿಕ್ಕಿತು. ಹಿಡಿಗೆ ಸೀರೆಯ ಚೂರು ಸುತ್ತಿದೆ, ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ, ಮೈಯೆಲ್ಲ ತುಕ್ಕು. ಇದು ಅಂತರಸಂತೆಯಿಂದ ಮಧುಶ್ರೀ ಜೊತೆ ಬಂದದ್ದು ಎಂದು ದೇವರಾಜು ಹೇಳಿ ಎದ್ದು ಹೊರಗೆ ಹೋದರು.

ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿದೆ, ಹೋಗಲಿಲ್ಲ. ನಮ್ಮ ಪಿರಿಯಾಪಟ್ಟಣದ ಕಡೆ ಆಗಿದ್ದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಲೆಗೆ ಎಸೆದು ಕೆಂಪಗೆ ಸುಟ್ಟು ತೆಗೆಯುತ್ತಿದ್ದೆ. ಇಲ್ಲಿ ಬರೀ ಭತ್ತ, ಬರೀ ನಾಲೆ ನೀರು. ಇದನ್ನು ಪಳಗಿಸುವುದು ಹೇಗೆಂದು ದಯವಿಟ್ಟು ತಿಳಿಸಿ. ಮಗು ಒಂದು ದೋಸೆ ತಿಂದರೆ ಸಾಕು.

ಪದ್ಮಶ್ರೀ

ಮರೆತಿದ್ದೆ: ನನ್ನ ಅಮ್ಮ ಜವರಮ್ಮ ಹೇಳುವ ಪ್ರಕಾರ ನನ್ನ ದೋಸೆಯನ್ನು ಚಪ್ಪಲಿಗೆ ಅಟ್ಟೆಯಾಗಿ ಹಾಕಿಸಬಹುದು. ಆದ್ದರಿಂದ ತಪ್ಪು ಪೂರ್ತಿ ಮಗುವಿನದಲ್ಲ.


ಅಂತರಸಂತೆ
17 ಜೂನ್ 2024

ಪದ್ಮಶ್ರೀಗೆ,

ಪುಡಿ ಹಾಕಿ ಉಜ್ಜಿದೆಯಾ? ನಿನ್ನ ಕೈಗೆ ಏನು ಹೇಳಲಿ! ಹದಿನೆಂಟು ವರ್ಷ ಈ ಊರಿನ ಶಾಲೆಯ ಬಿಸಿಯೂಟ ಬೇಯಿಸಿದವಳು ನಾನು. ಬೀಡಿಗೆ ಸೋಪಿನ ಪುಡಿ ಹಾಕಿದವರನ್ನು ಅಡುಗೆಮನೆಯಿಂದ ಆಚೆ ನಿಲ್ಲಿಸುತ್ತಿದ್ದೆ.

ಇರಲಿ. ತುಕ್ಕು ಮೇಲಿನದು, ಕೆಳಗೆ ಕಪ್ಪು ಹಾಗೇ ಇರುತ್ತದೆ. ಮೂರು ದಿನ ಅನ್ನದ ಗಂಜಿಯಲ್ಲಿ ಮುಳುಗಿಸಿಡು, ದಿನಾ ಗಂಜಿ ಬದಲಾಯಿಸು. ನಾಲ್ಕನೇ ದಿನ ಹುಣಸೆಹಣ್ಣು ಸವರಿ ತೆಂಗಿನ ನಾರಿನಲ್ಲಿ ಉಜ್ಜು, ಬಲವಾಗಿ ಬೇಡ. ಬಿಸಿಲಿನಲ್ಲಿ ಒಣಗಿಸು. ಆಮೇಲೆ ಸಣ್ಣ ಉರಿಯಲ್ಲಿಟ್ಟು ಹುಚ್ಚೆಳ್ಳೆಣ್ಣೆ ಸವರು. ಹೊಗೆ ಬಂದರೆ ಇಳಿಸು, ಆರಿದರೆ ಮತ್ತೆ ಸವರು. ಹೀಗೆ ಒಂದು ವಾರ. ಕೊನೆಗೆ ಈರುಳ್ಳಿ ಹೆಚ್ಚಿ ಕಪ್ಪಗಾಗುವ ತನಕ ಹುರಿ. ಮೊದಲ ಮೂರು ದೋಸೆ ಹಸುವಿಗೆ ಹಾಕು, ಮಗುವಿಗೆ ಕೊಡಬೇಡ. ಆಮೇಲೆ ನೀರು ತಾಕಿಸುವುದೇ ಬೇಡ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ ಎಣ್ಣೆ ಕೈ ಆಡಿಸಿಡು.

ಒಂದು ಮಾತು. ಕೆಂಡದಲ್ಲಿ ಹೂತು ಸುಡಬೇಡ. ಯಾರು ಹೇಳಿದರೂ ಸುಡಬೇಡ. ಸುಟ್ಟರೆ ಬೀಡು ಕುಡಿದ ಎಣ್ಣೆಯೆಲ್ಲ ಹೋಗಿ ಬರೀ ಕಬ್ಬಿಣ ಉಳಿಯುತ್ತದೆ, ಅದು ಯಾರದೂ ಅಲ್ಲದ ಕಾವಲಿ ಆಗಿಬಿಡುತ್ತದೆ.

ಆ ಚಕ್ಕೆ ಮಧು ಏಳು ವರ್ಷದವಳಿದ್ದಾಗ ಒರಳುಕಲ್ಲಿನ ಮೇಲೆ ಬೀಳಿಸಿ ಎದ್ದದ್ದು. ಎರಡು ಏಟು ಹೊಡೆದಿದ್ದೆ.

ಮಗು ತಿಂದರೆ ಬರಿ.

ಚಿಕ್ಕಸಿದ್ದಮ್ಮ


ಹೊಸ ಅಗ್ರಹಾರ
4 ಜುಲೈ 2024

ಚಿಕ್ಕಸಿದ್ದಮ್ಮನವರೇ,

ತಿಂದಳು! ಎರಡು ತಿಂದು ಮೂರನೆಯದಕ್ಕೆ ತಟ್ಟೆ ಹಿಡಿದಳು. ನಾನು ಅಲ್ಲೇ ಒಲೆ ಮುಂದೆ ಕೂತು ಅತ್ತುಬಿಟ್ಟೆ. ನೀವು ಹೇಳಿದ್ದನ್ನು ಒಂದೂ ಬಿಡದೆ ಮಾಡಿದೆ. ಮನೆಯೆಲ್ಲ ಹುಚ್ಚೆಳ್ಳೆಣ್ಣೆ ಹೊಗೆ, ದೇವರಾಜು ಎರಡು ದಿನ ಜಗುಲಿಯಲ್ಲೇ ಊಟ ಮಾಡಿದರು.

ಕಾವಲಿ ನೋಡಿ ಅತ್ತೆ ಮೊದಲು ಬೆಚ್ಚಿದರು. "ಇದು ಎಲ್ಲಿತ್ತಮ್ಮಿ?" ಅಂದರು. ಅಟ್ಟದ ಮೇಲೆ ಅಂದೆ. ಆಮೇಲೆ "ಚಿಕ್ಕಸಿದ್ದಮ್ಮ ತಿಥಿ ದಿನ ಇತ್ಲಲ್ಲಿ ಬೆರಣಿ ಆಕಿ ಸುಟ್ಟಿದ್ಳಲ್ಲ. ಅಂಗಾದ್ರೆ ಸುಟ್ಮೇಲೆ ತಂದು ಮಡಗವ್ಳೆ. ಸುಟ್ಟದ್ದು ಅಂದ್ಮೇಲೆ ದೋಸ ಇಲ್ಲ ಬುಡು, ಬಳ್ಸು" ಅಂದರು. ಯಾಕೆ ಸುಡಬೇಕು ಎಂದು ಕೇಳಿದೆ. "ಸುಡ್ಬೇಕು ಅಂದ್ರೆ ಸುಡ್ಬೇಕು ಕಣಮ್ಮಿ" ಅಂದರು, ಅಷ್ಟೇ. ನೀವು ನೋಡಿದರೆ ಸುಡಬೇಡ ಎನ್ನುತ್ತೀರಿ. ನಿಮ್ಮಿಬ್ಬರ ನಡುವೆ ನಾನೇನು ಮಾಡಲಿ, ಹೇಳಿ!

ಒಂದು ತಮಾಷೆ ಕೇಳಿ. ಎಲ್ಲರೂ ಸೌಟನ್ನು ಗಡಿಯಾರದ ಮುಳ್ಳು ತಿರುಗುವ ಹಾಗೆ ತಿರುಗಿಸಿ ದೋಸೆ ಹುಯ್ಯುತ್ತಾರಲ್ಲ. ಹಾಗೆ ಮಾಡಿದರೆ ಈ ಕಾವಲಿಯಲ್ಲಿ ಹಿಟ್ಟು ಕಿತ್ತುಕೊಂಡು ಬರುತ್ತದೆ. ಕೋಪ ಬಂದು ಉಲ್ಟಾ ತಿರುಗಿಸಿದೆ. ಅದರ ಪಾಡಿಗೆ ಹರಡಿಕೊಂಡಿತು, ಸಟ್ಟುಗ ತಾಕಿಸುವ ಮೊದಲೇ ಅಂಚು ಬಿಟ್ಟು ಎದ್ದಿತು. ಕಾವಲಿಗೂ ಹಟ ಇರುತ್ತದೆಯೇ?

ಇನ್ನೊಂದು. ಹಿಟ್ಟು ಹುಯ್ಯುವ ಮೊದಲು ಸುಮ್ಮನೆ ಸೌಟಿನಿಂದ ಕಾವಲಿಯ ಅಂಚಿಗೆ ಎರಡು ಸಲ ತಟ್ಟಿದೆ. ಯಾಕೆ ತಟ್ಟಿದೆನೋ ಗೊತ್ತಿಲ್ಲ. ಹಿತ್ತಲಿನಲ್ಲಿ ಆಡುತ್ತಿದ್ದ ಪುಟ್ಟಿ ಓಡಿ ಬಂದು ತಟ್ಟೆ ಇಟ್ಟುಕೊಂಡು ಕೂತಳು. ನನ್ನ ಮುಖ ನೋಡಿ ಅರೆಗಳಿಗೆ ಗಲಿಬಿಲಿಯಾದಳು. ಆಮೇಲೆ ತಿಂದಳು.

ನಿಮ್ಮ ಪದ್ಮಶ್ರೀ

ಮರೆತಿದ್ದೆ: ಹುಚ್ಚೆಳ್ಳಿನ ಚಟ್ನಿ ಕಂಡರೆ ಮುಖ ಸಿಂಡರಿಸುತ್ತಿದ್ದ ನಾನು ಈ ವಾರ ದಿನಾ ಅದನ್ನೇ ತಿನ್ನುತ್ತಿದ್ದೇನೆ. ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ.


ಅಂತರಸಂತೆ
12 ಜುಲೈ 2024

ಮಗಳೇ ಪದ್ಮಶ್ರೀ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ತಮ್ಮ ಶಿವನಂಜಪ್ಪ ಕಿವಿಯ ಹತ್ತಿರ ಬಂದು "ಅದೇನಕ್ಕ, ಅಷ್ಟೊಂದು ಸಲ ಓದಕೆ ಪತ್ರದಲ್ಲಿ ಏನದೆ?" ಎಂದು ಕೂಗಿದ. ಮಗು ದೋಸೆ ತಿಂದಿತಂತೆ ಅಂದೆ. ಉಳಿದದ್ದು ಹೇಳಲಿಲ್ಲ.

ಅತ್ತೆ ಹೇಳಿದ ಹಾಗೆ ಬಳಸು. ಅವರು ಹಿರಿಯರು, ಅವರಿಗೆ ಗೊತ್ತಿರುತ್ತದೆ. ಕಾವಲಿಯ ಹಟ ಅಂದೆಯಲ್ಲ, ಬೀಡು ಒಂದು ಕೈಗೆ ಒಗ್ಗಿದರೆ ಹಾಗೇ. ಅದು ತಿರುಗಿಸು ಅಂದ ಕಡೆಗೆ ನೀನು ತಿರುಗಿಸು.

ಒಂದು ದಿನವೂ ಬಿಡಬೇಡ. ಸೋಮವಾರ, ಶನಿವಾರ ಒಪ್ಪತ್ತು ಇದ್ದರೂ ಮಗುವಿಗೆ ಒಂದು ದೋಸೆ ಹುಯ್ಯಿ. ನಮ್ಮ ತೋಟದ ಹುಚ್ಚೆಳ್ಳು ಗಾಣಕ್ಕೆ ಹಾಕಿಸಿದ ಎಣ್ಣೆ ಒಂದು ಬಾಟಲಿ ಎಚ್.ಡಿ. ಕೋಟೆ ಬಸ್ಸಿನವರ ಕೈಲಿ ಕಳಿಸಿದ್ದೇನೆ. ಬೇರೆ ಎಣ್ಣೆ ಬೇಡ.

ಬರೆಯುವಾಗ ಎಲ್ಲ ಬರಿ. ಎಷ್ಟು ಹೊತ್ತಿಗೆ ಏಳುತ್ತೀಯ, ಏನು ತಿನ್ನಬೇಕು ಅನ್ನಿಸುತ್ತದೆ, ಕನಸು ಬಿದ್ದರೆ ಏನು ಕಂಡಿತು. ಸಣ್ಣದಾದರೂ ಬರಿ. ಮುದುಕಿಗೆ ಬೇರೆ ಕೆಲಸವಿಲ್ಲ.

ಚಿಕ್ಕಸಿದ್ದಮ್ಮ


ಹೊಸ ಅಗ್ರಹಾರ
2 ಆಗಸ್ಟ್ 2024

ಅಮ್ಮಾ,

ಅಕ್ಷರ ನೋಡಿ ಗಾಬರಿಯಾಗಬೇಡಿ. ಬಲಗೈ ಸುಟ್ಟುಕೊಂಡಿದ್ದೇನೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ಕಾವಲಿ ಎತ್ತಿ ಒಲೆಗೆ ಇಡಲು ಹೋದೆ, ಹಿಡಿ ಚುರುಕ್ ಅಂತು. ಅಂಗೈ ಪೂರ್ತಿ ಬೊಬ್ಬೆ. ಒಲೆ ಇನ್ನೂ ಹಚ್ಚಿರಲಿಲ್ಲ. ದೇವರಾಜು ಟೀ ಕಾಯಿಸಿಕೊಂಡು ಬಿಸಿ ಪಾತ್ರೆಯನ್ನು ಅದರ ಮೇಲಿಟ್ಟಿದ್ದರೇನೋ ಅಂದುಕೊಂಡೆ. ಕೇಳಿದರೆ ಅವರು ಗದ್ದೆಯಿಂದ ಆಗತಾನೇ ಬಂದಿದ್ದರು.

ಎಡಗೈಯಲ್ಲಿ ದೋಸೆ ಹುಯ್ಯುವುದು ಕಷ್ಟ ಅನ್ನಿಸಲೇ ಇಲ್ಲ. ಹೇಳಬೇಕೆಂದರೆ ಈಗ ಇನ್ನೂ ತೆಳ್ಳಗೆ ಬರುತ್ತಿದೆ. ಅತ್ತೆ ಬಾಗಿಲ ಹತ್ತಿರ ನಿಂತು ನೋಡಿದರು. "ಆ ಕೈಲಿ ಯಾಕಮ್ಮಿ ಉಯ್ತಿದ್ದೀಯೆ" ಎಂದು ಕೇಳಿದರು. ಗಾಯ ತೋರಿಸಿದೆ. ಅವರು ನೇರ ದೇವರ ಮನೆಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ನೀವು ಕನಸು ಕೇಳಿದ್ದಿರಿ. ಒಂದೇ ಕನಸು ಬೀಳುತ್ತದೆ. ಹಿಟ್ಟು ರುಬ್ಬಿ ಮುಚ್ಚಿಟ್ಟಿದ್ದೇನೆ. ಬೆಳಿಗ್ಗೆ ನಾಲೆ ಏರಿಯ ಮೇಲೆ ಹುಲ್ಲು ಕುಯ್ಯುತ್ತಿದ್ದೇನೆ. ಬೇಗ ಹೋಗಬೇಕು, ಹಿಟ್ಟು ಉಕ್ಕಿರುತ್ತದೆ, ಮಗು ಎದ್ದಿರುತ್ತದೆ. ಕಾಲಿಗೆ ಏನೋ ತಣ್ಣಗೆ ತಾಕುತ್ತದೆ, ಎಚ್ಚರವಾಗುತ್ತದೆ. ಮಧುಶ್ರೀ ಹಾವು ಕಚ್ಚಿ ಹೋದದ್ದು ಗೊತ್ತಿತ್ತು. ಎಲ್ಲಿ, ಏನು ಮಾಡುವಾಗ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಯಾರೋ ಆಡಿದ್ದು ಕಿವಿಗೆ ಬಿದ್ದು ಅದೇ ಕನಸಾಗಿರಬಹುದೇ?

ಪುಟ್ಟಿ ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದಾಳೆ. ಅದಕ್ಕೆ ಎಷ್ಟು ಸಂತೋಷ ಪಡಬೇಕೋ ಅಷ್ಟು ಪಡುತ್ತಿದ್ದೇನೆ. ಆದರೂ ಒಂದು ಕೇಳುತ್ತೇನೆ, ನಿಜ ಹೇಳಿ. ಮಧುಶ್ರೀ ಎಡಚಿಯೇ?

ಪದ್ಮ


ಅಂತರಸಂತೆ
10 ಆಗಸ್ಟ್ 2024

ಮಗಳೇ,

ಇಲ್ಲ, ಮಧು ಬಲಗೈಯವಳು. ಎಲ್ಲರ ಹಾಗೆ. ಇಲ್ಲದ್ದನ್ನು ಯೋಚಿಸಿ ತಲೆ ಕೆಡಿಸಿಕೊಳ್ಳಬೇಡ. ಹುಲ್ಲಿನ ವಿಷಯ ದೇವರಾಜು ಯಾವಾಗಲೋ ಹೇಳಿರುತ್ತಾನೆ, ನಿನಗೆ ಮರೆತಿದೆ.

ಅಂಗೈಗೆ ಲೋಳೆಸರ ಹಚ್ಚು. ಗಾಯ ಮಾಯುವ ತನಕ ಎಡಗೈಯಲ್ಲೇ ಹುಯ್ಯಿ, ತಪ್ಪೇನಿಲ್ಲ. ನಿಲ್ಲಿಸಬೇಡ.

ನಿನ್ನ ಅಕ್ಷರ ನನಗೆ ಬಹಳ ಹಿಡಿಸಿತು. ಆ ವಾಲುವ ರೀತಿ. ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಒಂದು ಆಟ ಆಡೋಣವೇ? ನಮ್ಮ ಮನೆಯಲ್ಲಿ ಹಿಂದೆ ಒಂದು ಕೆಂದ ಕರು ಇತ್ತು. ಅದಕ್ಕೆ ಮಧು ಒಂದು ಹೆಸರಿಟ್ಟಿದ್ದಳು. ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿಲ್ಲ, ಕೇಳಲು ಹೋಗಬೇಡ. ನಾಳೆ ಬೆಳಿಗ್ಗೆ ಕಾವಲಿ ಕಾದ ಮೇಲೆ, ಎಣ್ಣೆ ಸವರಿ, ಮನಸ್ಸಿಗೆ ಮೊದಲು ಯಾವ ಹೆಸರು ಬರುತ್ತದೋ ಅದನ್ನು ಬರೆದು ಕಳಿಸು. ಸುಮ್ಮನೆ ಆಟ.

ನಿನ್ನ ಅವ್ವ


ಹೊಸ ಅಗ್ರಹಾರ
5 ಸೆಪ್ಟೆಂಬರ್ 2024

ಅವ್ವ,

ಕರುವಿನ ಹೆಸರು ಬಟ್ಲು. ಹಣೆಯ ಮೇಲೆ ಬಿಳಿ ಇತ್ತು. ಅದು ಕಾಡಿನ ಕಡೆ ಮೇಯಲು ಹೋಗಿ ಬರದ ದಿನ ನೀನು ನನಗೆ ಊಟ ಹಾಕದೆ ಹುಡುಕಲು ಹೋದೆ. ಗಂಟೆ ಮಾತ್ರ ತಂದೆ.

ಕೈ ಮಾಯ್ದಿದೆ. ಆದರೂ ಎಡಗೈ ಸಾಕು.

ಪುಟ್ಟಿ ಚೆನ್ನಾಗಿದ್ದಾಳೆ. ಮೈ ತುಂಬಿಕೊಂಡಿದೆ. ಅತ್ತೆ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ದೇವರಾಜು ಮೊನ್ನೆ ನನ್ನನ್ನು ಮಧು ಎಂದು ಕರೆದು ನಾಲಿಗೆ ಕಚ್ಚಿಕೊಂಡರು. ನಾನು ಓ ಅಂದಿದ್ದೆ.

ಭಾನುವಾರ ಪಿರಿಯಾಪಟ್ಟಣದಿಂದ ಒಬ್ಬರು ಹೆಂಗಸು ಬಂದಿದ್ದರು. ಚಕ್ಕುಲಿ ತಂದಿದ್ದರು. ನನ್ನ ಕೈ ಹಿಡಿದುಕೊಂಡು "ಯಾಕವ್ವಾ ಇಂಗಿದ್ದೀಯೆ, ನನ್ ಜೊತೆ ಮಾತಾಡವ್ವ" ಎಂದು ಅತ್ತರು. ಪಾಪ, ಒಳ್ಳೆಯವರು. ಕೂರಿಸಿ ದೋಸೆ ಹುಯ್ದು ಕೊಟ್ಟೆ, ತಿನ್ನಲಿಲ್ಲ. ಅವರು ಬಸ್ ಹತ್ತಿದ ಮೇಲೆ ಅತ್ತೆ ಹೇಳಿದರು, ಅವರ ಹೆಸರು ಜವರಮ್ಮ, ನನ್ನ ತಾಯಿ ಎಂದು.

ಇರಬಹುದು.

ಹಿಟ್ಟು ಚೆನ್ನಾಗಿ ಉಕ್ಕುತ್ತಿದೆ.


ಅಂತರಸಂತೆ
21 ಸೆಪ್ಟೆಂಬರ್ 2024

ಪದ್ಮಶ್ರೀಗೆ,

ಪದ್ಮಶ್ರೀ ಎಂದೇ ಬರೆಯುತ್ತೇನೆ, ನೀನೂ ಹಾಗೇ ಓದು. ಈ ಕಾಗದವನ್ನು ನಿನ್ನ ಅತ್ತೆಯ ಮುಂದೆ ಜೋರಾಗಿ ಓದಬೇಕು.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಮೊದಲ ಮೂರು ದಿನ ನಾನು ಕುಣಿದಾಡಿದೆ. ಬಟ್ಲು ಅನ್ನುವ ಹೆಸರು ಈ ಭೂಮಿಯ ಮೇಲೆ ನನ್ನನ್ನು ಬಿಟ್ಟರೆ ಅವಳಿಗೆ ಮಾತ್ರ ಗೊತ್ತಿತ್ತು. ನನ್ನ ಮಗಳು ಬಂದಳು, ನನ್ನ ಮಗಳು ಬಂದಳು ಎಂದು ಹಟ್ಟಿಯಲ್ಲೆಲ್ಲ ಓಡಾಡಿದೆ. ನಾಲ್ಕನೇ ದಿನ ಕಾಗದವನ್ನು ಮತ್ತೆ ಓದುವಾಗ ಚಕ್ಕುಲಿ ತಂದ ಆ ಹೆಂಗಸು ಕಣ್ಣಿಗೆ ಕಂಡಳು. ಅವಳು ವಾಪಸ್ ಬಸ್ಸಿನಲ್ಲಿ ಹೇಗೆ ಕೂತಿದ್ದಳು ಎನ್ನುವುದು ನನಗೆ ಗೊತ್ತು. ಎರಡು ವರ್ಷದ ಹಿಂದೆ ನಾನೂ ಅದೇ ಊರಿನಿಂದ ಹಾಗೇ ಬಸ್ಸಿನಲ್ಲಿ ಕೂತು ಬಂದಿದ್ದೆ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನಾನು ನಿನಗೆ ಸುಳ್ಳು ಹೇಳಿದೆ. ಮಧು ಎಡಚಿ. ಸೌಟನ್ನು ಉಲ್ಟಾ ತಿರುಗಿಸುತ್ತಿದ್ದಳು. ಹಿಟ್ಟು ಹುಯ್ಯುವ ಮೊದಲು ಎರಡು ಸಲ ತಟ್ಟುತ್ತಿದ್ದಳು. ಅವಳು ಹೋದ ದಿನ ಹಿಟ್ಟು ರುಬ್ಬಿಟ್ಟು ಹುಲ್ಲಿಗೆ ಹೋಗಿದ್ದಳು.

ಮನೆಯ ಹೆಂಗಸು ಸತ್ತರೆ ತಿಥಿ ದಿನ ಅವಳ ಕಾವಲಿಯನ್ನು ಬೆರಣಿ ಬೆಂಕಿಯಲ್ಲಿ ಸುಡುವುದು ನಮ್ಮ ಪದ್ಧತಿ. ದಿನವೂ ಒಂದೇ ಕೈ ಆಡಿ ಆಡಿ ಆ ಕೈ ಬೀಡಿನಲ್ಲಿ ಕೂತಿರುತ್ತದೆ. ಸುಟ್ಟರೆ ಬಿಡುಗಡೆ. ಸುಡುವುದು ಹೆತ್ತವಳು, ಆಗ ಉಳಿದವರು ಬೆನ್ನು ಹಾಕಿ ಕೂರಬೇಕು. ನಾನು ಸುಡಲಿಲ್ಲ. ಎಲ್ಲರೂ ಬೆನ್ನು ಹಾಕಿದ್ದಾಗ ಹಿತ್ತಲಿನ ಹಳೇ ಕಬ್ಬಿಣದ ತಟ್ಟೆಯೊಂದನ್ನು ಬೆಂಕಿಗೆ ಹಾಕಿ, ಕಾವಲಿಯನ್ನು ಹೊಟ್ಟಿನಲ್ಲಿ ಹೂತು ಅಟ್ಟಕ್ಕೆ ಏರಿಸಿದೆ. ಅವಳದು ಅಂತ ಉಳಿದಿದ್ದು ಅದೊಂದೇ, ಸುಡಲು ಕೈ ಬರಲಿಲ್ಲ. ನಿನ್ನ ಮೊದಲ ಕಾಗದ ಬಂದಾಗಲೇ ಹೇಳಬೇಕಿತ್ತು. ನಿನ್ನ ಬದಲು ನನ್ನ ಮಗಳು ಬಂದರೆ ಬರಲಿ ಎಂದು ಸುಮ್ಮನಿದ್ದೆ. ಬಾಯಿ ಬಿಟ್ಟು ಹೇಳುತ್ತಿದ್ದೇನೆ, ನನಗೆ ಅದೇ ಆಸೆ ಇತ್ತು. ನಾಚಿಕೆಯಾಗುತ್ತದೆ.

ಇವತ್ತಿನಿಂದ ಕಾವಲಿ ಒಲೆಗೆ ಇಡಬೇಡ. ನಿನ್ನ ತಾಯಿಯನ್ನು ಕರೆಸಿಕೋ, ಪಕ್ಕದಲ್ಲೇ ಇರಲಿ. ಬಲಗೈಯಲ್ಲಿ ಅವಳ ಹೆಸರನ್ನು ದಿನಾ ಹತ್ತು ಸಲ ಬರಿ. ಮಹಾಲಯ ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ ಇಡುವ ಮೊದಲು ನಾನು ಬರುತ್ತೇನೆ. ವಿಮಲಮ್ಮ, ಬೆರಣಿ ಒಟ್ಟಿಡಿ. ಈ ಸಲ ಆಗುತ್ತದೆ.

ಚಿಕ್ಕಸಿದ್ದಮ್ಮ


ಹೊಸ ಅಗ್ರಹಾರ
16 ಅಕ್ಟೋಬರ್ 2024

ಅಮ್ಮಾ,

ನೋಡಿ, ಬಲಗೈ ಅಕ್ಷರ! ಕಾಗೆ ಕಾಲಿನ ಹಾಗಿದ್ದರೂ ನನ್ನದೇ.

ನೀವು ಬಂದು ಹೋಗಿ ಎರಡು ವಾರವಾಯಿತು. ಸೆಪ್ಟೆಂಬರ್ ತಿಂಗಳು ಯಾವಾಗ ಬಂತು, ಯಾವಾಗ ಹೋಯಿತು, ನನಗೆ ನೆನಪೇ ಇಲ್ಲ. ನಿಮ್ಮ ಕಾಗದವನ್ನು ಅತ್ತೆ ನನ್ನ ಕೈಯಿಂದ ಕಿತ್ತುಕೊಂಡು ಓದಿದರಂತೆ. ಮರುದಿನ ಅವರೇ ಪಿರಿಯಾಪಟ್ಟಣಕ್ಕೆ ಹೋಗಿ ಅಮ್ಮನನ್ನು ಕರೆತಂದರಂತೆ. ನಾನು ಜವರಮ್ಮ, ಜವರಮ್ಮ ಎಂದು ನೋಟುಬುಕ್ ತುಂಬ ಬರೆದಿದ್ದೇನೆ, ಮೊದಲ ಪುಟಗಳಲ್ಲಿ ಅಕ್ಷರಗಳು ಎಡಕ್ಕೆ ವಾಲಿವೆ. ಅಮ್ಮ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಅಮಾವಾಸ್ಯೆ ದಿನ ಮಾತ್ರ ಚೆನ್ನಾಗಿ ನೆನಪಿದೆ. ನಾವೆಲ್ಲ ಬೆನ್ನು ಹಾಕಿ ಸಾಲಾಗಿ ಕೂತಿದ್ದು, ನೀವು ಹಿಂದೆ ಬೆರಣಿ ಜೋಡಿಸುವ ಸದ್ದು, ಹೊಗೆ. ಪುಟ್ಟಿ ನನ್ನ ಮಡಿಲಲ್ಲಿದ್ದಳು. ಒಂದು ಸಲ ತಿರುಗಿ ನಿಮ್ಮನ್ನು ನೋಡಿದಳು. ಅಳಲಿಲ್ಲ, ಕೈ ಬೀಸಿದಳು. ಸಂಜೆ ಬಸ್ ಹತ್ತುವಾಗ ದೇವರಾಜು ನಿಮ್ಮ ಚೀಲ ಎತ್ತಿ "ಏನತ್ತೆ, ಕಲ್ಲು ಒತ್ಕಂಡೋಯ್ತಿದ್ದೀರಾ?" ಎಂದು ನಿಮ್ಮ ಕಿವಿಯ ಹತ್ತಿರ ಕೂಗಿದರು. ನೀವು "ರಾಗಿ ಕಣಪ್ಪ" ಅಂದಿರಿ. ಆಮೇಲೆ ಅವರು ನನ್ನನ್ನು ಕೇಳಿದರು, "ನಾವು ರಾಗಿ ಕೊಟ್ಟಿದ್ವಾ?" ನಾವು ಕೊಟ್ಟಿದ್ದು ಅಕ್ಕಿ, ಎರಡು ಸೇರು.

ಬೂದಿ ಆರಿದ ಮೇಲೆ ಕಾವಲಿ ತೆಗೆದೆವು. ಬೂದು ಬಣ್ಣಕ್ಕೆ ತಿರುಗಿದೆ, ಯಾರದೂ ಅಲ್ಲ. ಅಮ್ಮ ಪಳಗಿಸುತ್ತಿದ್ದಾರೆ. ನನ್ನ ದಪ್ಪ ದೋಸೆಯನ್ನೇ ಪುಟ್ಟಿ ಈಗ ಅರ್ಧ ತಿಂದು ಅರ್ಧ ಕೋಳಿಗೆ ಹಾಕುತ್ತಾಳೆ. ಇರಲಿ, ಅದು ನನ್ನ ದೋಸೆಗೆ ಸಿಗಬೇಕಾದ ಮರ್ಯಾದೆ. ಮಲಗುವಾಗ ಪದ್ಮಮ್ಮಾ ಎಂದು ಕರೆದು ಕುತ್ತಿಗೆ ಹಿಡಿದುಕೊಳ್ಳುತ್ತಾಳೆ.

ಒಂದು ಕೇಳಬೇಕು. ಕೇಳಲೋ ಬೇಡವೋ ಎಂದು ನಾಲ್ಕು ದಿನ ಸುಮ್ಮನಿದ್ದೆ. ಆ ಚಕ್ಕೆ ಕಾಣಿಸುತ್ತಿಲ್ಲ. ಅಂಚು ಸುತ್ತಲೂ ಬೆರಳಾಡಿಸಿದೆ, ದುಂಡಗಿದೆ. ಎದ್ದ ಚಕ್ಕೆ ಬೆಂಕಿಯಲ್ಲಿ ಕೂಡಿಕೊಳ್ಳುತ್ತದೆಯೇ ಅಮ್ಮಾ? ನೀವು ಹೂಂ ಅಂದರೆ ನಾನು ನಂಬುತ್ತೇನೆ.

ಪದ್ಮಶ್ರೀ

ಮರೆತಿದ್ದೆ: ಹುಚ್ಚೆಳ್ಳಿನ ಚಟ್ನಿ ಮತ್ತೆ ಗಂಟಲಲ್ಲಿ ಇಳಿಯುತ್ತಿಲ್ಲ. ದೇವರಿಗೆ ಕೈ ಮುಗಿದೆ.


ಅಂತರಸಂತೆ
30 ಅಕ್ಟೋಬರ್ 2024

ಪದ್ಮಶ್ರೀಗೆ,

ಬೀಡು ಕೂಡಿಕೊಳ್ಳುವುದಿಲ್ಲ. ನಿನಗೆ ಇನ್ನು ಸುಳ್ಳು ಹೇಳುವುದಿಲ್ಲ ಎಂದು ಆವತ್ತೇ ತೀರ್ಮಾನ ಮಾಡಿದ್ದೆ.

ಅಮಾವಾಸ್ಯೆಗೆ ನಿಮ್ಮಲ್ಲಿಗೆ ಬರುವಾಗ ಹುಣಸೂರಿನಲ್ಲಿ ಬಸ್ ಬದಲಾಯಿಸಬೇಕಲ್ಲ. ಅಲ್ಲಿ ಕಬ್ಬಿಣದ ಅಂಗಡಿಯಲ್ಲಿ ಅದೇ ಅಳತೆಯ ಹೊಸ ಕಾವಲಿ ಕೊಂಡೆ. ಸುಟ್ಟದ್ದು ಅದು. ಈಗ ನಿನ್ನ ಅಮ್ಮ ಪಳಗಿಸುತ್ತಿರುವುದೂ ಅದೇ, ಅದು ಯಾರ ಕೈಯನ್ನೂ ಕಂಡಿಲ್ಲ. ಹೆದರದೆ ಬಳಸು, ನಿನ್ನ ಕೈಗೆ ಒಗ್ಗಿಸಿಕೋ. ನಿನ್ನದು ಎನ್ನುವುದು ಆ ಮನೆಯಲ್ಲಿ ಒಂದು ಇರಲಿ. ವಿಮಲಮ್ಮನಿಗೆ ಮಾತ್ರ ಹೇಳಬೇಡ, ಅವರ ಜೀವ ಹೆದರುತ್ತದೆ.

ಹಳೆಯದು ನನ್ನ ಹತ್ತಿರ ಇದೆ. ಅದನ್ನು ಬೆಂಕಿಗೆ ಹಾಕಲು ಎರಡನೇ ಸಲವೂ ನನ್ನ ಕೈಲಿ ಆಗಲಿಲ್ಲ. ಇನ್ನೊಬ್ಬಳ ಮಗಳನ್ನು ಕಿತ್ತುಕೊಳ್ಳುವುದೂ ಆಗಲಿಲ್ಲ. ಅವಳಿಗೆ ಒಂದು ಕೈ ಬೇಕು, ಅಷ್ಟೇ ತಾನೇ. ನನ್ನ ಕೈ ಇದೆ. ಹೆತ್ತವಳ ಕೈ, ಬೇರೆಯವರದಲ್ಲ. ಬಂದ ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಹುಯ್ಯುತ್ತಿದ್ದೇನೆ, ಸೌಟನ್ನು ಉಲ್ಟಾ ತಿರುಗಿಸಿ. ಮೊದಲ ವಾರ ಹಿಟ್ಟು ಕಿತ್ತುಕೊಂಡು ಬಂತು. ನನಗೆ ನಗು. ಏಳು ವರ್ಷದವಳಿದ್ದಾಗ ಹೊಡೆದದ್ದಕ್ಕೆ ಸಿಟ್ಟು ಅಂತ ಕಾಣುತ್ತದೆ ಅಂದುಕೊಂಡೆ. ಎರಡನೇ ವಾರ ಬಿಟ್ಟುಕೊಂಡಿತು.

ಶಿವನಂಜಪ್ಪ ಮೊನ್ನೆ ಬಾಗಿಲಲ್ಲಿ ನಿಂತು "ಯಾರತ್ರಕ್ಕ ಮಾತಾಡ್ತಿದ್ದೀಯೆ?" ಅಂದ. ಅವನು ಕೂಗಲಿಲ್ಲ, ಮೆಲ್ಲಗೆ ಅಂದ. ನನಗೆ ಕೇಳಿಸಿತು. ಆರು ವರ್ಷದಿಂದ ಹೋಗಿದ್ದ ಕಿವಿ. ಅಂಚಿಗೆ ಎರಡು ಸಲ ತಟ್ಟಿದರೆ ಆ ಸದ್ದು ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ. ಬಟ್ಲುವಿನ ಕೊರಳಿನ ಗಂಟೆ.

ಇಲ್ಲಿಂದ ಅಕ್ಷರ ವಾಲಿದ್ದರೆ ಗಾಬರಿಯಾಗಬೇಡ. ಕೈ ಬದಲಾಯಿಸಿದೆ.

ಅವ್ವ ಮಲಗಿದ್ದಾಳೆ. ಸುಸ್ತಾಗಿದೆ ಅವಳಿಗೆ, ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮಲಗಲಿ, ನಾನು ನೋಡಿಕೊಳ್ಳುತ್ತೇನೆ. ನಿನ್ನ ಕೈ ಸುಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ತಂಗಿ. ಮಗು ಹಸಿದಿತ್ತು, ನನಗೆ ಬೇರೆ ದಾರಿ ಇರಲಿಲ್ಲ.

ಪುಟ್ಟಿ ಈಗ ಯಾರು ಮಾಡಿದರೂ ತಿನ್ನುತ್ತಾಳೆ, ಅದು ಸಾಕು. ದೋಸೆ ತೆಳ್ಳಗೆ ಬೇಕಾದರೆ ಹಿಟ್ಟಿಗೆ ಒಂದು ಹಿಡಿ ಅನ್ನ ಸೇರಿಸಿ ರುಬ್ಬು.

ನಾಲೆ ಏರಿಗೆ ಹುಲ್ಲಿಗೆ ಹೋಗುವಾಗ ಕಾಲಿಗೆ ಚಪ್ಪಲಿ ಹಾಕಿಕೋ. ನಾನು ಹಾಕಿರಲಿಲ್ಲ.